ಎರಡಕ್ಕೆ ಬಿದ್ದ ಗೇರು

1984ರ ಏಪ್ರಿಲ್ 3ರಂದು ಬೆಳಗ್ಗೆ ಹತ್ತೂಕಾಲಿಗೆ ಹಂಚಿನ ವ್ಯಾಪಾರಿ ವೆಂಕಟರಾಯರು ಹೊನ್ನಾವರ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕುಮಟೆಯ ಗ್ಯಾರೇಜಿನ ಅಣ್ಣಪ್ಪ ತಮ್ಮ ಅಂಬಾಸಿಡರ್ ಕಾರನ್ನು ಸರ್ವೀಸು ಮಾಡುವಾಗ ಒಳ್ಳೆಯ ಬಿಡಿಭಾಗ ತೆಗೆದು ಹಳೆಯದನ್ನು ಹಾಕಿದ್ದಾನೆ. ನಿನ್ನೆ ಮಧ್ಯಾಹ್ನ ಹಳದೀಪುರದ ಬಳಿ ಇಂಜಿನ್ ಒಡೆದುಹೋಗಿದೆ. ಆಗ ಕಾರಿನಲ್ಲಿದ್ದವನು ಚಾಲಕ ಜಟ್ಟನೊಬ್ಬನೇ. ಸಬ್ ಇನ್‌ಸ್ಪೆಕ್ಟರ್ ಬೊಮ್ಮಯ್ಯ ದೂರನ್ನು ಎರಡು ಸಲ ಓದಿ, ಮೋಸದ ಕಲಮಿನಡಿ ಎಫ್.ಐ.ಆರ್. ದಾಖಲಿಸಿದ.

"ಅಣ್ಣಪ್ಪನ್ನ ಇವತ್ತೇ ಒಳಗೆ ಹಾಕಿ," ಎಂದರು ರಾಯರು. ಕುರ್ಚಿಯಲ್ಲಿ ಕೂರುವ ಮುನ್ನ ಅದನ್ನು ಕರವಸ್ತ್ರದಿಂದ ಒರೆಸಿದ್ದರು.

ಹನ್ನೆರಡಕ್ಕೆ ಬೊಮ್ಮಯ್ಯ, ಕಾನ್‌ಸ್ಟೇಬಲ್ ದಾಸ ಮತ್ತು ಇಬ್ಬರು ಪಂಚರು ಹಳದೀಪುರ ತಲುಪಿದರು. ಕಾರು ರಸ್ತೆ ಬದಿಯ ಗೇರುಮರದ ಕೆಳಗೆ ನಿಂತಿತ್ತು. ಇಂಜಿನ್ನಿನ ಮಗ್ಗುಲಲ್ಲಿ ಮುಷ್ಟಿ ಹೋಗುವಷ್ಟು ತೂತು. ಮುರಿದ ಕನೆಕ್ಟಿಂಗ್ ರಾಡಿನ ತುದಿ ಅದರಿಂದ ಹೊರಗೆ ಚಾಚಿತ್ತು. ಕೆಳಗೆ ಚೆಲ್ಲಿದ ಆಯಿಲ್ಲಿನಲ್ಲಿ ಕೊಳೆತ ಗೇರುಹಣ್ಣು, ಹಣ್ಣಿನ ಮೇಲೆ ನೊಣ. ಬೊಮ್ಮಯ್ಯ ಸ್ಟೇರಿಂಗಿನ ಪಕ್ಕದ ಗೇರ್ ಕಡ್ಡಿ ನೋಡಿದ. ಅದು ಎರಡರಲ್ಲಿತ್ತು.

"ಗೇರುಮರದ ಅಡಿಗೇ ಬಂದು ಗೇರ್ ಹಾಳಾತು ಸಾಹೇಬ್ರೆ," ದಾಸ ನಕ್ಕ.

ಬೊಮ್ಮಯ್ಯ ನಗಲಿಲ್ಲ. ಹಿಂದಿನ ಬಾಗಿಲು ತೆಗೆದಿದ್ದ. ಸೀಟಿಗೆ ಹೊದಿಕೆಯಿರಲಿಲ್ಲ, ಫಿನಾಯಿಲ್ ವಾಸನೆ ಮುಖಕ್ಕೆ ಹೊಡೆಯಿತು. ಅದನ್ನೂ ಪಂಚನಾಮೆಯಲ್ಲಿ ಬರೆಸಿದ.

ಮರುದಿನ ಮೋಟಾರು ವಾಹನ ನಿರೀಕ್ಷಕರು ಬಂದು ಇಂಜಿನ್ ಬಿಚ್ಚಿಸಿದರು.

"ಸಾಮಾನೆಲ್ಲ ಸರಿಯಾದದ್ದೇ. ಬೇರಿಂಗ್ ಸುಟ್ಟಿಲ್ಲ, ಉಳಿದ ಆಯಿಲ್ಲೂ ಶುದ್ಧ. ಜೋರು ಓಡುವ ಗಾಡಿಯನ್ನ ಟಾಪ್ ಗೇರಿನಿಂದ ಎರಡಕ್ಕೆ ಎಳೆದು ಕ್ಲಚ್ ಬಿಟ್ಟಿದ್ದಾರೆ. ಆಗ ಚಕ್ರವೇ ಇಂಜಿನ್ನನ್ನ ತಿರುಗಿಸ್ತದೆ. ಅಷ್ಟು ವೇಗ ಅದು ತಡೆಯೂದಿಲ್ಲ."

ಬೊಮ್ಮಯ್ಯ ನೇರ ಕುಮಟೆಗೆ ಹೋದ. ಅಣ್ಣಪ್ಪ ದೂರಿನ ಸುದ್ದಿ ಕೇಳಿ ಎರಡು ದಿನದಿಂದ ಗ್ಯಾರೇಜಿನ ಬಾಗಿಲು ತೆಗೆದಿರಲಿಲ್ಲ; ಮನೆಯಲ್ಲಿ ಸಿಕ್ಕ.

"ಜಟ್ಟ ಗೇರ್ ತಪ್ಪಿ ಹಾಕ್ತಾನಾ?"

"ಅಂವ್ನಾ? ಹನ್ನೆರಡು ವರ್ಷದಲ್ಲಿ ಅಂವ್ನ ಕೈಲಿ ಗೇರ್ ಒಂದಿನ ಕರ್ ಅಂದದ್ದು ನಾ ಕೇಳ್ಲಿಲ್ಲ ಸಾಹೇಬ್ರೆ. ಬೇಕಾರೆ ಕಣ್ ಕಟ್ಟಿ ಕೂರ್ಸಿ."

ಗೆಳೆಯನನ್ನು ಹೊಗಳಿ ಹೊಗಳಿಯೇ ಸಿಕ್ಕಿಸಿಹಾಕುತ್ತಿದ್ದೇನೆ ಎಂದು ಅಣ್ಣಪ್ಪನಿಗೆ ಹೊಳೆಯಲಿಲ್ಲ.

ಸಂಜೆ ನಾಲ್ಕಕ್ಕೆ ರಾಯರ ಅಂಗಡಿಯಲ್ಲಿ ಬೊಮ್ಮಯ್ಯ ಫಿನಾಯಿಲ್ಲಿನ ವಿಷಯ ಕೇಳಿದ.

"ಅದಾ? ಮೊನ್ನೆ ಶುಕ್ರವಾರ ಜಟ್ಟ ಭಟ್ಕಳದಿಂದ ಖಾಲಿ ಬರುವಾಗ ಮಂಕಿಯಲ್ಲಿ ತನ್ನ ತಾಯಿಯನ್ನ ಹತ್ತಿಸಿಕೊಂಡಿದ್ದಾನೆ. ಮಂಜಿ ಅಂತ, ಮೀನು ಮಾರುವವಳು. ಜ್ವರವಂತೆ, ಆಸ್ಪತ್ರೆಗಂತೆ! ಅವಳನ್ನ ಇಲ್ಲೇ ಇಳಿಸಿ, ಅವನ ಕೈಲೇ ಮೂರು ಸಲ ಸೀಟು ತೊಳೆಸಿದೆ. ಹೊದಿಕೆ ಸುಡಿಸಿದೆ."

"ಮಂಜಿ ಎಲ್ಲಿದ್ದಳು?"

"ಇಲ್ಲೇ ನಿಂತು ನೋಡ್ತಿದ್ದಳು. ಪೇಟೆಯವರೆಲ್ಲ ನಕ್ಕರು. ನಿಮಗೆ ಗೊತ್ತಲ್ಲ ಸಾಹೇಬ್ರೆ, ಆ ನಾತ."

ಧಾರೇಶ್ವರದ ಕಡಲ ದಂಡೆಯಲ್ಲಿ ಹುಟ್ಟಿದ ಬೊಮ್ಮಯ್ಯನಿಗೆ ಗೊತ್ತಿತ್ತು. ಅವನು ತಲೆಯಾಡಿಸಿದ. ಜೀಪು ಹತ್ತಿದ ಮೇಲೆ, ಹಾಗೆ ತಲೆಯಾಡಿಸಿದ ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

5ರಂದು ಬೆಳಗ್ಗೆ ಒಂಬತ್ತಕ್ಕೆ ಜಟ್ಟನನ್ನು ಕರೆಸಲಾಯಿತು. ನಲವತ್ತರ ಆಳು, ಇಸ್ತ್ರಿ ಮಾಡಿದ ಖಾಕಿ ಅಂಗಿ.

"ಎಷ್ಟು ಸ್ಪೀಡಿನಲ್ಲಿದ್ದೆ?"

"ಎಂಬತ್ತು."

"ಯಾವ ಗೇರು?"

"ಟಾಪು."

"ಆಮೇಲೆ?"

ಜಟ್ಟ ಅಂಗಿಯ ತೋಳಿನ ಇಸ್ತ್ರಿ ಗೆರೆ ಸರಿಮಾಡಿಕೊಂಡ.

"ಅಣ್ಣಪ್ಪನ ಮೇಲೆ ಕೇಸಾಗಿದೆ. ಗೊತ್ತಾ?"

"ಅಂವ ಎಂತ ಮಾಡ್ದ?"

"ಹಳೆ ಸಾಮಾನು ಹಾಕಿದನಂತೆ."

"ಸುಳ್ಳು!" ಜಟ್ಟ ತಲೆಯೆತ್ತಿದ. "ಅಂವಂದು ಎಂತ ತಪ್ಪಿಲ್ಲ. ಎರಡಕ್ಕೆ ಹಾಕಿದ್ದು ನಾನು."

ಬೊಮ್ಮಯ್ಯ ಎದ್ದು ಬಾಗಿಲು ಮುಂದೆ ಮಾಡಿ ಬಂದ. ದನಿ ತಗ್ಗಿಸಿದ.

"ಜಟ್ಟಾ, ಮೂರರಿಂದ ಟಾಪಿಗೆ ಎಳೆಯುವಾಗ ಕೈ ತಪ್ಪಿ ಎರಡಕ್ಕೆ ಬಿತ್ತು. ಹಾಗಂದರೆ ಅದು ಆಕಸ್ಮಿಕ. ಅಣ್ಣಪ್ಪನ ಮೇಲಿನ ಕೇಸೂ ಬೀಳ್ತದೆ, ನೀನೂ ಮನೆಗೆ ಹೋಗ್ತೀಯ. ಹಾಗೇ ಬರೀಲಾ?"

ಜಟ್ಟ ಗೇರ್ ಹಾಕುವ ತನ್ನ ಎಡಗೈಯನ್ನು ನೋಡುತ್ತ ಕೂತ.

"ಬ್ಯಾಡ ಸಾಹೇಬ್ರೆ."

"ಯಾಕೆ?"

"ಅವ್ವಿ ನಾತ ಹೊಡೀತಾಳೆ ಅಂದ್ರು, ನಕ್ರು. ಆತು. ಇನ್ನು ಜಟ್ಟಂಗೆ ಗಾಡಿ ಹೊಡೂಕೆ ಬತ್ತಿಲ್ಲ ಅಂದೂ ನಗಬೇಕಾ ಆ ಪೇಟೆ? ನನ್ನ ಕೈ ತಪ್ಪೂದಿಲ್ಲ. ಬೇಕಂತ್ಲೇ ಹಾಕ್ದೆ ಅಂತ ಬರೀರಿ."

ಬೊಮ್ಮಯ್ಯ ಬರೆದ. ಅಣ್ಣಪ್ಪನ ಹೆಸರು ಬಿಟ್ಟುಹೋಯಿತು, ಕಲಮು ಬದಲಾಯಿತು. ಕೋರ್ಟಿನಿಂದ ವಾರಂಟ್ ಬಂದ ಮೇಲೆ ಮಧ್ಯಾಹ್ನ 3.20ಕ್ಕೆ ಜಟ್ಟನನ್ನು ಬಂಧಿಸಲಾಯಿತು. ಕೇಸ್ ಡೈರಿಯಲ್ಲಿ ಕಾರಣ ಎಂದಲ್ಲಿ 'ಮಾಲೀಕನ ಮೇಲಿನ ಹಗೆ' ಎಂದು ನಮೂದಾಯಿತು. ಇಲಾಖೆಗೆ ಅಷ್ಟು ಸಾಕು. ಮೂರು ಸಲ ನೀರು ತಂದವನು ಮೂರು ಸಲವೂ ಜ್ವರದಲ್ಲಿ ನಿಂತ ತಾಯಿಯ ಎದುರಿನಿಂದಲೇ ಬಕೆಟು ಹೊತ್ತು ಹಾದುಹೋಗಬೇಕಾಯಿತು ಎನ್ನುವುದಕ್ಕೆ ಡೈರಿಯಲ್ಲಿ ಜಾಗವಿರಲಿಲ್ಲ.

ಐದು ಗಂಟೆಗೆ ರಾಯರು ಕಾರು ಬಿಡಿಸಿಕೊಳ್ಳಲು ಬಂದರು. ಸಹಿ ಹಾಕಲೆಂದು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡವರು ಕರವಸ್ತ್ರ ತೆಗೆದು ಅದನ್ನು ಒರೆಸತೊಡಗಿದರು.

"ಜಟ್ಟ ಮುಟ್ಟಿದ್ದಲ್ವಾ?"

"ಅಲ್ಲ. ಅದು ನನ್ನದು," ಎಂದ ಬೊಮ್ಮಯ್ಯ. "ನೌಕರಿ ಸಿಕ್ಕಾಗ ನನ್ನ ಅವ್ವಿ ಕೊಡಿಸಿದ್ದು. ಧಾರೇಶ್ವರದಲ್ಲಿ ಮೀನು ಮಾರಿ."

ಕರವಸ್ತ್ರ ಹಿಡಿದ ಕೈ ಅಲ್ಲೇ ನಿಂತಿತು.

"ಸಹಿ ಮಾಡಿ, ರಾಯರೇ."