ಇಪ್ಪತ್ತು ನಿಮಿಷ ಮೊದಲೇ

"ಕಾರು ಏನ್ ಮಾಡ್ತು ಡಾಕ್ಟ್ರೇ?" ಎಂದು ಎಂಜಿನಿಯರ್ ಕೇಳಿದ.

ಹೆಲ್ಮೆಟ್ ಕಳಚಿದ್ದ ಆ ಮನುಷ್ಯ ಬೆವರಿನಲ್ಲಿ ಅದ್ದಿ ತೆಗೆದಂತಿದ್ದ.

"ಕಾರು ಪಾಪ ಏನೂ ಮಾಡ್ಲಿಲ್ಲ. ಮೂರನೇ ತಿರುವಲ್ಲಿ ನನಗೆ ಹೆದರಿಕೆ ಆಯ್ತು... ಬ್ರೇಕ್ ಒತ್ಬಿಟ್ಟೆ."

ಗ್ಯಾರೇಜಿನಲ್ಲಿ ಸ್ಪ್ಯಾನರ್ ಸದ್ದೂ ನಿಂತಿತು.

ಗೋಡೆಗೆ ಒರಗಿದ್ದ ಅವಳು ತಲೆಯೆತ್ತಿದಳು. ರೇಸ್ ಕಾರು ಓಡಿಸುವುದು ಹನ್ನೊಂದು ವರ್ಷದಿಂದ ಅವಳ ವೃತ್ತಿ. ಅಷ್ಟು ವರ್ಷಗಳಲ್ಲಿ ಹೆದರಿಕೆ ಎಂಬ ಪದವನ್ನು ಯಾವ ಗ್ಯಾರೇಜಿನಲ್ಲೂ ಕೇಳಿರಲಿಲ್ಲ. ವೃತ್ತಿಯವರು ಹಿಂದಿನ ಚಕ್ರ ಜಾರಿತು ಎನ್ನುತ್ತಾರೆ, ಟೈರು ಬಿಸಿಯಾಗಿರಲಿಲ್ಲ ಎನ್ನುತ್ತಾರೆ. ಏನೇ ಆದರೂ ಅದು ಆಗುವುದು ಕಾರಿಗೆ!

ಈತ ಹಲ್ಲಿನ ಡಾಕ್ಟರ್. ವಾರವಿಡೀ ಕ್ಲಿನಿಕ್, ಬಿಡುವಿದ್ದಾಗ ರೇಸು. ಒಬ್ಬ ವೃತ್ತಿಪರ, ಒಬ್ಬ ಹವ್ಯಾಸಿ, ಇಬ್ಬರಿಗೂ ಸೇರಿ ಒಂದೇ ಕಾರು. ಆ ಸರಣಿಯ ನಿಯಮವೇ ಹಾಗೆ. ಈ ವರ್ಷ ಅವಳ ಪಾಲಿಗೆ ಬಂದವನು ಈತ.

"ನಗು ಬಂದ್ರೆ ನಗಬಹುದು," ಎಂದ ಅವನು, ಅವಳ ಬಿಗಿದ ತುಟಿಯನ್ನು ನೋಡಿ. "ನನಗೂ ಹಲ್ಲು ನೋಡ್ದಂಗಾಗುತ್ತೆ. ವೃತ್ತಿಯ ಚಟ, ಬೇರೇನೂ ತಿಳ್ಕೋಬೇಡಿ."

ಅವಳು ನಗಲಿಲ್ಲ. ಆ ದಿನ ಮಾತ್ರ ಹೇಗೋ ತಡೆದುಕೊಂಡಳು.

ಅವಳಿಗೆ ಬೇಕಾಗಿದ್ದದ್ದು ಒಂದೇ: ಇಬ್ಬರೂ ವೃತ್ತಿಪರರೇ ಇರುವ ದೊಡ್ಡ ತಂಡದಲ್ಲಿ ಒಂದು ಜಾಗ. ವರ್ಷದ ಕೊನೆಯ ರೇಸಿನಲ್ಲಿ ಮೊದಲ ಮೂವರೊಳಗೆ ಬಂದರೆ ಕರೆಯುತ್ತೇವೆ ಎಂದು ಆ ತಂಡದ ಮುಖ್ಯಸ್ಥೆ ಹೇಳಿಯೂ ಇದ್ದಳು. ಆದರೆ ಕಾರಿನ ಅರ್ಧ ಭಾಗ್ಯ ಹವ್ಯಾಸಿಯ ಕೈಯಲ್ಲಿ. ಹಾಗಾಗಿ ಕಲಿಸಲು ಕುಳಿತಳು.

"ನಿಮಗೂ ನನಗೂ ಏನು ವ್ಯತ್ಯಾಸ? ಮುಲಾಜಿಲ್ದೆ ಹೇಳಿ," ಎಂದ ಅವನು.

"ನಿಮ್ಮ ಒಳ್ಳೆ ಸುತ್ತು ನನ್ನದಕ್ಕಿಂತ ಅರ್ಧ ಸೆಕೆಂಡ್ ನಿಧಾನ, ಅಷ್ಟೆ. ಆದ್ರೆ ಅದು ನಿಮಗೆ ದಿನಕ್ಕೆ ಒಂದು ಸಲ ಬರುತ್ತೆ. ನನಗೆ ನಲವತ್ತು ಸಲವೂ ಬರಬೇಕು."

ಒಂದು ಪದ್ಯವನ್ನು ಮನಸ್ಸು ತುಂಬಿದಾಗ ಒಮ್ಮೆ ಸೊಗಸಾಗಿ ಹಾಡಬಹುದು. ಮೈಯಲ್ಲಿ ಜ್ವರವಿರಲಿ, ಕೇಳುವವರು ಆಕಳಿಸುತ್ತಿರಲಿ, ಲಯ ತಪ್ಪದೆ ನೂರು ಸಲ ಹಾಡುವವನ ಬದುಕೇ ಬೇರೆ. ಅವಳದು ಆ ಬದುಕು.

"ಇನ್ನೊಂದು," ಎಂದಳು. "ಬ್ರೇಕ್ ಎಲ್ಲರೂ ಒತ್ತುತ್ತಾರೆ. ಬಿಡೋದ್ರಲ್ಲಿದೆ ಕಸುಬು. ನೀವು ಪಟ್ಟಂತ ಕಾಲು ತೆಗೀತೀರಿ, ಕಾರು ಬೆಚ್ಚಿ ಬೀಳುತ್ತೆ. ಮಲಗಿರೋ ಮಗು ತಲೆ ಕೆಳಗಿಂದ ಕೈ ತೆಗೆದ ಹಾಗೆ ತೆಗೀಬೇಕು."

"ಓ... ಹಲ್ಲು ಕೀಳೋದೂ ಹಾಗೇ. ಎಳೆದ್ರೆ ಮುರಿಯುತ್ತೆ, ಮೆಲ್ಲಗೆ ಸಡಿಲಿಸಬೇಕು."

"ಹಾಗಾದ್ರೆ ಕೈಗೆ ಗೊತ್ತಿರೋದನ್ನ ಕಾಲಿಗೂ ಹೇಳ್ಕೊಡಿ ಡಾಕ್ಟ್ರೇ!"

ಎರಡು ಗಂಟೆಯ ರೇಸು. ಹವ್ಯಾಸಿ ನಲವತ್ತು ನಿಮಿಷ ಓಡಿಸಿದರೆ ನಿಯಮಕ್ಕೆ ಸಾಕು. ಬೇರೆ ತಂಡಗಳಲ್ಲಿ ನಲವತ್ತಕ್ಕೆ ಸರಿಯಾಗಿ ಇಳಿಸಿಬಿಡುತ್ತಾರೆ. ಅವನ ಕಲಿಯುವ ಆಸೆ ಕಂಡು ಅವಳು ಮಾತು ಕೊಟ್ಟಳು: "ನಮ್ಮದು ಅರ್ಧ ಅರ್ಧ. ಒಂದು ಗಂಟೆ ನಿಮ್ಮದು." ಹಿರಿಯ ಮೆಕ್ಯಾನಿಕ್, ಎಲ್ಲರೂ ಮೇಸ್ತ್ರಿ ಎನ್ನುವವನು, ಹಣೆ ಚಚ್ಚಿಕೊಂಡ.

ಓಡಿಸುವವರು ಬದಲಾಗುವಾಗ ಇಳಿದವರು ಹತ್ತಿದವರ ಬೆಲ್ಟ್ ಬಿಗಿಯಬೇಕು. ಇಪ್ಪತ್ತು ಸೆಕೆಂಡಿನ ಕೆಲಸ. ಅವನು ಹೆಗಲಿನ ಎರಡೂ ಪಟ್ಟಿ ಎಳೆದು, ಪ್ರತಿ ಸಲವೂ, "ಹುಷಾರು..." ಎನ್ನುತ್ತಿದ್ದ.

ಮುನ್ನೂರು ಕಿಲೋಮೀಟರ್ ವೇಗಕ್ಕೆ ಹೊಡೆದುಕೊಳ್ಳದ ಎದೆ ಆ ಒಂದು ಮಾತಿಗೆ ಯಾಕೆ ಹೊಡೆದುಕೊಳ್ಳುತ್ತದೆ?

"ಏನೇ, ಅರ್ಧ ಗಂಟೆಯಿಂದ ಬರೀ ಹಲ್ಲು ಡಾಕ್ಟ್ರ ವಿಷ್ಯಾನೇ?" ಎಂದಳು ಫೋನಿನಲ್ಲಿ ಅಕ್ಕ.

"ಕೆಲಸದ ವಿಷಯ ಅಕ್ಕ."

"ಹ್ಞೂಂ, ಕೆಲಸ! ಮೂರು ಸಲ ಅವರ ಅಂಗಿ ಬಣ್ಣ ಹೇಳಿದ್ಯಲ್ಲ, ಅದೂ ಕೆಲಸಾನಾ?"

ಕೊನೆಯ ರೇಸಿನ ಹಿಂದಿನ ದಿನ ಅವಳು ಕಾರಿನಲ್ಲಿ ಕುಳಿತು, ಹೆಲ್ಮೆಟ್ ತೊಟ್ಟು, ಅಭ್ಯಾಸದ ಓಟಕ್ಕೆ ಕರೆ ಬರುವುದನ್ನು ಕಾಯುತ್ತಿದ್ದಾಗ ದೊಡ್ಡ ತಂಡದ ಮುಖ್ಯಸ್ಥೆ ಕಿಟಕಿಗೆ ಬಗ್ಗಿದಳು.

"ನಿನ್ನ ಜೊತೆಗಾರನಿಗೆ ಒಂದು ಗಂಟೆ ಕೊಡ್ತೀಯಂತೆ? ನಮ್ಮಲ್ಲಿ ಇಂಥ ಮಮತೆಗೆಲ್ಲ ಜಾಗ ಇಲ್ಲ. ಅವನನ್ನ ಬಿಟ್ಟು ಬರೋಕಾಗುತ್ತಾ?"

ಆ ಜಾಗಕ್ಕಾಗಿ ಅವಳು ಕಾದದ್ದು ಹನ್ನೊಂದು ವರ್ಷ!

"ಮಮತೆ ಏನಿಲ್ಲ. ಅವರು ಹವ್ಯಾಸಿ, ನನಗೆ ಅವರೊಂದು ಕೆಲಸ. ಕೆಲಸ ಮುಗಿದ್ರೆ ಮುಗೀತು."

ಹೆಲ್ಮೆಟ್ ತೊಟ್ಟು ಮಾತಾಡುವಾಗ ಸ್ಟೀರಿಂಗಿನ ಮೇಲಿನ ರೇಡಿಯೊ ಗುಂಡಿ ಒತ್ತುವುದು ವೃತ್ತಿಯವರ ಹೆಬ್ಬೆರಳಿಗೆ ಉಸಿರಾಟದಷ್ಟೇ ಅಭ್ಯಾಸ. ಹೆಬ್ಬೆರಳು ತನ್ನ ಪಾಡಿಗೆ ಒತ್ತಿತ್ತು. ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಅವನು ಮೊದಲು ಓಡಿಸಿದ. ಐದನೇ ಸ್ಥಾನದಲ್ಲಿದ್ದ, ತೊಂದರೆಯಿರಲಿಲ್ಲ. ಸರಿಯಾಗಿ ನಲವತ್ತು ನಿಮಿಷಕ್ಕೆ ರೇಡಿಯೊದಲ್ಲಿ ಅವನ ದನಿ ಬಂತು: "ಒಳಗೆ ಬರ್ತಿದೀನಿ."

"ಇನ್ನೂ ಇಪ್ಪತ್ತು ನಿಮಿಷ ಇದೆಯಲ್ರೀ!" ಅವಳು ಹೆಲ್ಮೆಟ್ ಸಿಕ್ಕಿಸಿಕೊಳ್ಳುತ್ತಾ ಓಡಿದಳು. "ಏನಾಯ್ತು? ಹೆದರಿಕೆನಾ?"

ಅವನು ಪಟ್ಟಿ ಎಳೆದ. ಎಡಗಡೆ, ಬಲಗಡೆ.

"ಹಿಂದಿನ ಬಲ ಟೈರು ಸವೆದಿತ್ತು, ಬದಲಾಯಿಸ್ತಿದಾರೆ. ಮೂರನೇ ತಿರುವಲ್ಲಿ ಎಣ್ಣೆ ಚೆಲ್ಲಿದೆ," ಎಂದ. ಕಾರಿನ ಮೇಲೆ ಎರಡು ಬಾರಿ ತಟ್ಟಿ ಹಿಂದೆ ಸರಿದ.

ಹುಷಾರು ಎನ್ನಲೇ ಇಲ್ಲ!

ಕೊನೇ ದಿನ ಕೈಕೊಟ್ಟನಲ್ಲ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟನ್ನು ಬದಿಗಿಟ್ಟು ಓಡಿಸುವುದು ಅವಳಿಗೆ ಗೊತ್ತಿತ್ತು, ಓಡಿಸಿದಳು. ಸುತ್ತೊಂದಕ್ಕೆ ಅರ್ಧ ಸೆಕೆಂಡಿನಂತೆ ಅಂತರ ಇಳಿಸುತ್ತಾ ಮುಂದಿನವರನ್ನು ಒಬ್ಬೊಬ್ಬರಾಗಿ ಹಿಡಿದಳು. ಮುಗಿಸಿದ್ದು ಎರಡನೇ ಸ್ಥಾನದಲ್ಲಿ. ಮುಖ್ಯಸ್ಥೆ ಕೈಕುಲುಕಿ, ಜಾಗ ನಿನ್ನದೇ ಎಂದಳು.

ಗ್ಯಾರೇಜಿಗೆ ಬಂದರೆ ಅವನಿಲ್ಲ. ರೇಸ್ ಉಡುಪು ಮಡಚಿ ಕುರ್ಚಿಯ ಮೇಲಿಟ್ಟು ಹೋಗಿದ್ದ.

"ಹೆದರಿ ಓಡ್ಹೋದ್ರಾ?" ಎಂದು ಕೇಳಿದಳು.

ಕಾರಿನ ವೇಗ, ಬ್ರೇಕು ಗೆರೆಗಳಾಗಿ ಮೂಡುವ ಪರದೆಯನ್ನು ಮೇಸ್ತ್ರಿ ತೋರಿಸಿದ. ಡಾಕ್ಟರ ಕೊನೆಯ ಒಂಬತ್ತು ಸುತ್ತುಗಳು, ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ಮೂರನೇ ತಿರುವಿನಲ್ಲಿ ಬ್ರೇಕು ಅಷ್ಟು ಮೆಲ್ಲಗೆ ಬಿಟ್ಟಿದ್ದ... ಮಗು ಎದ್ದಿರಲಾರದು.

"ಇದ್ರಲ್ಲಿ ಹೆದರಿಕೆ ಎಲ್ಲಿದೆ ತಾಯಿ, ಹುಡುಕಿ ಕೊಡಿ ನೋಡೋಣ. ನಿನ್ನೆ ನಿಮ್ಮ ಹೆಬ್ಬೆರಳು ಗುಂಡಿ ಮೇಲಿತ್ತು. ನಾವೆಲ್ಲ ಕೇಳಿಸ್ಕೊಂಡ್ವಿ. ಡಾಕ್ಟ್ರೂ ನನ್ನ ಪಕ್ಕದಲ್ಲೇ ಹೆಡ್‌ಫೋನ್ ಹಾಕ್ಕೊಂಡಿದ್ರು."

"...ಏನಂದ್ರು?"

"'ಆ ಜಾಗ ಅವರಿಗೆ ಸಿಗಬೇಕು ಮೇಸ್ತ್ರಿ, ನನ್ನ ಇಪ್ಪತ್ತು ನಿಮಿಷ ಅವರಿಗೇ ಸೇರಿಸಿ' ಅಂದ್ರು. ಇನ್ನೇನೂ ಅನ್ಲಿಲ್ಲ."

ಅವಳು ಆ ಉಡುಪನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ನಾನೇನು ಮಾಡಿಬಿಟ್ಟೆ...!

ಎರಡು ದಿನದ ನಂತರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ, "ಹಲ್ಲು ನೋವಾ?" ಎಂದು ಸ್ವಾಗತದ ಹುಡುಗಿ ಕೇಳಿದಳು. ಅವಳು ಹೌದೆಂದು ತಲೆಯಾಡಿಸಿದಳು. ಸುಳ್ಳು. ಒಳಗೆ ಹೋಗಿ ಹಿಂದಕ್ಕೆ ವಾಲಿದ ಕುರ್ಚಿಯಲ್ಲಿ ಮಲಗಿದಳು. ತಟ್ಟೆಯಲ್ಲಿ ಸಾಲಾಗಿ ಹೊಳೆಯುತ್ತಿದ್ದ ಸೂಜಿಮೊನೆಗಳನ್ನು ಕಂಡು ಅಂಗೈ ಬೆವರಿತು.

ಮುಖಕ್ಕೆ ಮಾಸ್ಕ್ ಕಟ್ಟಿ ಬಂದವನು ಬಾಗಿಲಲ್ಲೇ ನಿಂತ. ನಂತರ ಕೈಗವಸು ಎಳೆದುಕೊಂಡ.

"ಎಲ್ಲಿ ನೋವು?"

"ಕಾರಿಗೇನೂ ಆಗಿಲ್ಲ," ಎಂದುಬಿಟ್ಟಳು. "ನೋವಾಗಿರೋದು ನನಗೆ. ಅವತ್ತು ಹೇಳಿದ್ದು ಸುಳ್ಳು. ಆ ಜಾಗ ಬೇಕಿತ್ತು, ಈಗ ಸಿಕ್ಕಿದೆ. ನೀವಿಲ್ಲ ಅಂದ್ರೆ... ಅದು ಬರೀ ಜಾಗ."

"ಬಾಯಿ ತೆರೀರಿ."

"ನಾನು ಹೇಳ್ತಿರೋದು..."

"ಕೇಳಿಸ್ತು. ತೆರೀರಿ. ನಾನು ಹೇಳ್ಬೇಕಿದೆ, ನೀವು ಮಧ್ಯೆ ಬಾಯಿ ಹಾಕೋದು ಬೇಡ."

ಪುಟ್ಟ ಕನ್ನಡಿ ಒಳಗೆ ಹೋಯಿತು.

"ಹವ್ಯಾಸಿ ಅಂದಿದ್ದಕ್ಕೆ ಬೇಜಾರಿಲ್ಲ, ಅದು ನಿಜ. ಕೆಲಸ ಮುಗಿದ್ರೆ ಮುಗೀತು ಅಂದ್ರಲ್ಲ... ನನಗೆ ಮುಗಿದಿರ್ಲಿಲ್ಲ. ಈಗ್ಲೂ ಮುಗಿದಿಲ್ಲ."

"ಆ... ಆಆ..."

"ಗೊತ್ತು." ಸ್ವಲ್ಪ ಬಗ್ಗಿ ನೋಡಿದ. "ಅರೆ! ಇಲ್ಲಿ ನಿಜವಾಗ್ಲೂ ಹುಳುಕಿದೆ. ಆಳವಾಗಿದೆ. ಎರಡು ಸಲ ಬರ್ಬೇಕಾಗುತ್ತೆ."

ಕನ್ನಡಿ ಹೊರಗೆ ಬಂದ ಕೂಡಲೇ ಅವಳು ಕೇಳಿದಳು, "ಎರಡೇ ಸಲಾನಾ?"

ಅವನು ಮಾಸ್ಕ್ ಕೆಳಗೆಳೆದ. ಕಣ್ಣು ಒದ್ದೆಯಾಗಿತ್ತು.

"ಕೆಲಸ ಎರಡೇ ಸಲದ್ದು. ಆಮೇಲೆ ಕೆಲಸ ಇಲ್ದೆ ಬಾ."

ಮೊದಲ ಬಾರಿ ಏಕವಚನ! ಅವಳು ಹಲ್ಲೆಲ್ಲ ಕಾಣುವಂತೆ ನಕ್ಕಳು, ಅಳುತ್ತಲೂ ಇದ್ದಳು.

"ಬರ್ತೀನಿ... ಮೊದ್ಲು ಆ ಸೂಜಿ ದೂರ ಇಡು!"