ಎದುರು ಸೊಲ್ಲಿಲ್ಲದ ಹಾಡು

“ಒಬ್ಬರೇ ಹಾಡ್ಬೇಡಿ ಮಾರಾಯ್ರೆ. ನಮ್ಮ ಅಜ್ಜಿ ಈ ಹಾಡಿಗೆ ಮಂತ್ರದ ಕಟ್ಟು ಹಾಕಿಸಿದ್ದಾರೆ. ಸುರು ಮಾಡಿದವರಿಗೆ ಉಳಿದವರು ಎದುರು ಸೊಲ್ಲು ಹೇಳಿದ್ರೆ ಮಾತ್ರ ಅದು ನಿಲ್ತದೆ.”

ಕೊಕ್ಕಡದ ಸೇಸಮ್ಮ ಹೀಗೆಂದಾಗ ಚಿದಾನಂದ ಬಾಯಿ ತುಂಬ ನಕ್ಕಿದ್ದ. ಘಟ್ಟದ ಮೇಲಿನಿಂದ ಬಂದು ಮೂಡುಬಿದಿರೆಯಲ್ಲಿ ಸ್ಟುಡಿಯೋ ತೆರೆದವನು ಅವನು. ಸೇಸಮ್ಮ ಮತ್ತು ಜೊತೆಯ ಹೆಂಗಸರು ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಾ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡ. ಒಬ್ಬನ ಹಾಡೆಂದು ಕಾಣಲಿ ಎಂದು ಹೆಂಗಸರ ಎದುರು ಸೊಲ್ಲನ್ನು ಕತ್ತರಿಸಿ ಎಸೆದ. ಉಳಿದದ್ದನ್ನು ತಾನೇ ಕಟ್ಟಿದ್ದೆಂದು ಕಾಪಿರೈಟ್ ಮಾಡಿಸಿಕೊಂಡ. ನಾಚಿಕೆಗೆಟ್ಟ ಕೆಲಸ. ಆದರೆ ಕಾಗದಪತ್ರವೆಲ್ಲ ಸರಿಯಾಗಿತ್ತು. ಸೇಸಮ್ಮನ ಮೊಮ್ಮಗಳು ವಿಸ್ಮಿತಾ ಅಜ್ಜಿಯ ಹಾಡಿನ ವಿಡಿಯೋ ಹಾಕಿದಾಗ ವಕೀಲರ ನೋಟಿಸು ಹೋಯಿತು. ಹಾಡು ಬಾರದ ಆ ಹುಡುಗಿ ಹೆದರಿ ವಿಡಿಯೋ ಅಳಿಸಿದಳು. ಆಮೇಲೆ ಆ ಗದ್ದೆಯಲ್ಲಿ ಯಾರೂ ಹಾಡಲು ತುಟಿ ಬಿಚ್ಚಲಿಲ್ಲ.

ಹಲವು ವರ್ಷ ಕಳೆದು, ಚಿದಾನಂದ ತನ್ನದೇ ದನಿಯಲ್ಲಿ ಹಾಡಲು ಮೈಕಿನ ಮುಂದೆ ಕುಳಿತ.

ಮೊದಲ ಸಾಲಿಗೇ ಎಸಿ ಕೋಣೆಯಲ್ಲಿ ಕೆಸರಿನ ವಾಸನೆ ಎದ್ದಿತು. ಕೊಳೆತ ಹುಲ್ಲಿನ, ಒದ್ದೆ ಸೀರೆಯ ವಾಸನೆ. ದೀಪ ಮಂಕಾಯಿತು. ಹಾಡು ಮುಗಿಯಿತು. ಬಾಯಿ ಮುಚ್ಚಲು ಹೋದ. ಮುಚ್ಚಲಿಲ್ಲ. ನಾಲಗೆ ಮೊದಲಿನಿಂದ ಶುರು ಮಾಡಿತು. ನೀರು ಕುಡಿದ. ನೀರಿನೊಳಗೂ ಹಾಡು. ಬಟ್ಟೆ ತುರುಕಿದ. ಮೂಗಿನಲ್ಲಿ ಹಾಡು. ಕೊನೆಗೆ ಹೆದರಿಕೆಯೂ ಮರಗಟ್ಟಿತು.

ಹಾಡುತ್ತಲೇ ಕಾರು ಓಡಿಸಿದ. ಬೆಳ್ತಂಗಡಿ ದಾಟುವಾಗ ಬಾಯಿಗೆ ರಕ್ತದ ರುಚಿ ಬಂತು.

ಕೊಕ್ಕಡದ ಗದ್ದೆಯಲ್ಲಿ ಹೆಂಗಸರು ಸದ್ದಿಲ್ಲದೆ ನೇಜಿ ನೆಡುತ್ತಿದ್ದರು. ಚಿದಾನಂದ ಕೆಸರಿಗಿಳಿದು ಸೇಸಮ್ಮನ ಮುಂದೆ ಕೈಮುಗಿದ. ಕಣ್ಣು ಬೇಡುತ್ತಿತ್ತು. ಬಾಯಿ ಹಾಡುತ್ತಿತ್ತು. ಅವನ ಗಲ್ಲದಲ್ಲಿ ಇಳಿಯುತ್ತಿದ್ದ ರಕ್ತ ಕಂಡು ವಿಸ್ಮಿತಾ ಹತ್ತಿರ ಬಂದಳು.

“ಅಜ್ಜಿ, ಎದುರು ಸೊಲ್ಲು ಹೇಳಿ. ಇಲ್ಲದಿದ್ರೆ ಇವರು ಸಾಯ್ತಾರೆ.”

ಸೇಸಮ್ಮ ಬಾಯಿ ತೆರೆದಳು. ಸೊಲ್ಲು ನೆನಪಿಗೆ ಬರಲಿಲ್ಲ. ಪಕ್ಕದವರ ಕಡೆ ನೋಡಿದಳು. ಅವರೂ ಇಲ್ಲವೆಂದು ತಲೆಯಾಡಿಸಿದರು. ಅವಳು ಮತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು.

“ಚೆಂದ ಉಂಟು,” ಎಂದಳು. “ಯಾರ ಹಾಡು ಮಗಾ ಇದು?”

ವಿಸ್ಮಿತಾ ಚಿದಾನಂದನ ಮುಖ ನೋಡಿದಳು.

“ಇವರದ್ದೇ ಅಜ್ಜಿ.”

ಹೆಂಗಸರು ಮತ್ತೆ ಬೆನ್ನು ಬಗ್ಗಿಸಿದರು. ಅವನ ಬಾಯಿ ಮೊದಲ ಸಾಲಿಗೆ ಬಂತು.