ಹಳದಿಯೋ ಹಸಿರೋ

ನಾನು ಅವಳನ್ನು ದಿನಕ್ಕೆ ಮೂರು ಸಲ ಕೆಳಗೆ ಕರೆಯುತ್ತಿದ್ದುದು ಪ್ರೀತಿಯಿಂದ ಎಂದು ಇಡೀ ತೋಟ ನಂಬಿತ್ತು. ಅವಳೂ ನಂಬಿದ್ದಳು. ಹೇಳಲು ನಾಚಿಕೆಯಾಗುತ್ತದೆ, ಶುರುವಿನಲ್ಲಿ ಅದು ಶುದ್ಧ ಸುಳ್ಳು.

ನಮ್ಮದು ಮಣ್ಣಿಲ್ಲದ ತೋಟ. ಕೆಳಗೆ ಮೀನಿನ ತೊಟ್ಟಿಗಳು, ಮಹಡಿಯ ಮೇಲೆ ಸೊಪ್ಪಿನ ಮಡಿಗಳು, ಎರಡಕ್ಕೂ ಒಂದೇ ನೀರು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡಿದರೆ ಅದು ಗಿಡಕ್ಕೆ ಊಟ, ಮಾಡದಿದ್ದರೆ ಮೀನಿಗೆ ವಿಷ. ನೀರಿನ ಅಮೋನಿಯಾ, ಪಿಎಚ್ ಪರೀಕ್ಷೆ ನನ್ನದು, ಗಿಡ ಅವಳದು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣ ಸಾಲದು ಎಂದು ದೂರದಿಂದಲೇ ಹೇಳಿಬಿಡುತ್ತಿದ್ದಳು. ಅದಕ್ಕೇ ನನಗೆ ಅವಳು ಡಾಕ್ಟ್ರು; ದಿನಾ ಪರೀಕ್ಷೆ ಮಾಡುವ ನಾನು ಅವಳಿಗೆ ಮೇಷ್ಟ್ರು.

ಅಮೋನಿಯಾ ನೋಡಲು ಕೊಳವೆಯ ನೀರಿಗೆ ಔಷಧದ ಹನಿ ಹಾಕಬೇಕು. ಹಳದಿಯಾದರೆ ಏನೂ ಇಲ್ಲ, ಹಸಿರಾದರೆ ಅಪಾಯ. ಆ ಹಳದಿ, ಆ ಹಸಿರು ನನ್ನ ಕಣ್ಣಿಗೆ ಹುಟ್ಟಿನಿಂದಲೇ ಒಂದೇ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

“ಡಾಕ್ಟ್ರೇ, ಒಂಚೂರು ಬನ್ನಿ. ಇದು ಯಾವ ಬಣ್ಣ ಅಂತೀರಿ?”

ಕೈ ಒರೆಸಿಕೊಳ್ಳುತ್ತ ಇಳಿದು ಬರುತ್ತಿದ್ದಳು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಆಚೆಯಿಂದ ನನ್ನನ್ನು ಓರೆಗಣ್ಣಲ್ಲಿ ನೋಡುತ್ತಿದ್ದಳು.

“ಹಳದಿ. ಇಷ್ಟು ಹೇಳೋಕೆ ನಾನೇ ಬೇಕಿತ್ತಾ ಮೇಷ್ಟ್ರೇ?”

“ನೀವು ಹೇಳಿದ್ರೇನೇ ಮೀನುಗಳಿಗೆ ಸಮಾಧಾನ.”

“ಅಬ್ಬಬ್ಬಾ, ಪಾಪ ಮೀನಿನ ಮೇಲೆ ಹಾಕ್ತೀರಲ್ಲ!” ಎಂದು ನಾಚಿ ಮುಖ ತಿರುಗಿಸಿ ಮೆಟ್ಟಿಲು ಹತ್ತುತ್ತಿದ್ದಳು.

ಅಕ್ಕನ ಮದುವೆಗೆಂದು ಅವಳು ಆರು ದಿನ ಹೋದಳು. ಬೇರೆ ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಗುಟ್ಟು ರಟ್ಟಾಗುತ್ತದಲ್ಲ! ದಿನವೂ ಕೊಳವೆ ಎತ್ತಿ ನೋಡಿದೆ, ಹಳದಿ ಎಂದುಕೊಂಡೆ, ಪುಸ್ತಕದಲ್ಲಿ ಸೊನ್ನೆ ಬರೆದೆ. ಅವಳು ಮರಳಿದ ದಿನ ಬೆಳಿಗ್ಗೆ ಹತ್ತೊಂಬತ್ತು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ತೋಟ ಅವಳ ದೊಡ್ಡಮ್ಮನದು. ಎಲ್ಲರನ್ನೂ ತೊಟ್ಟಿಯ ಸುತ್ತ ನಿಲ್ಲಿಸಿದರು.

“ನೀರಿನ ಪುಸ್ತಕದಲ್ಲಿ ಎಲ್ಲಾ ಸರಿ ಇದೆ. ಮತ್ತೆ ಇದು ಯಾರ ಕೆಲಸ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು ನಾನು. ಆದರೆ ಮುಂದೆ ಬಂದವಳು ಅವಳು.

“ಹೋಗೋಕೆ ಮುಂಚೆ ಗಿಡಕ್ಕೆ ಅಂತ ಕಬ್ಬಿಣ ಹಾಕಿದ್ದೆ ದೊಡ್ಡಮ್ಮ. ಅಳತೆ ತಪ್ಪಿರಬೇಕು.”

“ಮನೆ ಹುಡುಗಿ ಅಂತ ಬಿಡೋದಿಲ್ಲ. ಇವತ್ತಿಂದ ಮಡಿ ಮುಟ್ಟಬೇಡ. ಪ್ಯಾಕಿಂಗ್‌ಗೆ ಹೋಗು.”

ಮರುದಿನ ನಾನೊಬ್ಬನೇ ಫಿಲ್ಟರ್ ಬಿಚ್ಚಿದರೆ ಒಳಗೆಲ್ಲ ಕೆಸರು ಕಟ್ಟಿಹೋಗಿತ್ತು. ಅಮೋನಿಯಾ ಏರುತ್ತಲೇ ಇತ್ತು, ಕೊಳವೆ ದಿನವೂ ಹಸಿರಾಗಿ ಕೂಗಿ ಹೇಳಿತ್ತು. ಆಗಲೂ ನಾನು ಸುಮ್ಮನಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಅದರ ಮರುದಿನ ಪ್ಯಾಕಿಂಗ್ ಕೋಣೆಗೆ ಹೋದೆ. ಸೊಪ್ಪಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು, ಕಣ್ಣು ಊದಿಕೊಂಡಿದ್ದವು.

“ನೀವು ದಿನಾ ನೋಡಿದ್ರಿ, ನೀರು ಸರಿ ಇತ್ತು. ನನ್ನ ಕೈಯೇ ಕೆಟ್ಟದ್ದು ಮೇಷ್ಟ್ರೇ.”

ಅವಳ ನಂಬಿಕೆ ನನ್ನನ್ನು ಸುಟ್ಟುಹಾಕಿತು. “ನಿಮ್ಮ ಕಬ್ಬಿಣದಿಂದ ಏನೂ ಆಗಿಲ್ಲ. ಫಿಲ್ಟರ್ ಕಟ್ಟಿತ್ತು, ಅಮೋನಿಯಾ ಏರಿತ್ತು. ನನಗೆ ಗೊತ್ತಾಗಲಿಲ್ಲ. ನನ್ನ ಕಣ್ಣಿಗೆ ಹಳದಿ, ಹಸಿರು ಎರಡೂ ಒಂದೇ.”

ಅವಳ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಮೇಜಿನ ಮೇಲೆ ಬಿತ್ತು.

“ಹಾಗಾದ್ರೆ ನನ್ನ ಕರೀತಿದ್ದಿದ್ದು?”

“ಬಣ್ಣ ಕೇಳೋಕೆ.”

“ಅಯ್ಯೋ, ನಾನೆಂಥ ಪೆದ್ದಿ! ಮದುವೆಮನೇಲಿ ಅಕ್ಕನಿಗೆ ನಿಮ್ಮ ವಿಷಯ ಹೇಳಿಬಿಟ್ಟೆ. ಒಬ್ಬರು ನನ್ನ ಇಷ್ಟಪಡ್ತಾರೆ, ನಂಗೂ ಇಷ್ಟ ಅಂತ.” ಮುಖ ಮುಚ್ಚಿಕೊಂಡಳು.

“ಮೊದಲ ವಾರ ಅದಕ್ಕೆ ಮಾತ್ರ ಕರೆದಿದ್ದು. ಆಮೇಲೆ ಪಿಎಚ್ ಕೊಳವೆನೂ ತೋರಿಸ್ತಿದ್ದೆನಲ್ಲ? ಅದು ನೀಲಿ. ನೀಲಿ ನನಗೆ ಚೆನ್ನಾಗೇ ಕಾಣುತ್ತೆ.”

ಅವಳು ನಗಲಿಲ್ಲ. “ದೊಡ್ಡಮ್ಮನ ಹತ್ರ ಹೇಳಿ. ಅವತ್ತು ಇದ್ದವರೆಲ್ಲರ ಮುಂದೆ.”

ಹೇಳಿದೆ. ತಲೆ ಎತ್ತಲಾಗಲಿಲ್ಲ, ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು, “ಮೀನು ಸತ್ತಿದ್ದಕ್ಕಲ್ಲ, ಈ ಹುಡುಗಿ ಅತ್ತಿದ್ದಕ್ಕೆ ನಿನ್ನ ಕೆನ್ನೆಗೆ ಬಿಡಬೇಕು” ಎಂದರು. ನೀರಿನ ಪುಸ್ತಕ, ಮಡಿಗಳು ಎರಡೂ ಅವಳ ಪಾಲಾದವು. ನನಗೆ ಫಿಲ್ಟರ್ ತೊಳೆಯುವ ಕೆಲಸ. ಮಾಡಿದ್ದುಣ್ಣೋ ಮಹರಾಯ.

ಸಂಜೆ ಮೊಣಕೈವರೆಗೆ ಕಪ್ಪು ಕೆಸರು ಮಾಡಿಕೊಂಡು ಫಿಲ್ಟರಿನ ಬಲೆ ತಿಕ್ಕುತ್ತಿದ್ದೆ. ಅವಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತಳು. ನಾನು ಕರೆದಿರಲಿಲ್ಲ.

“ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಬರ್ತಿರಲಿಲ್ವಾ?”

“ನಾಚಿಕೆ ಆಯ್ತು.”

“ಈಗ?”

“ಈಗ ಇನ್ನೂ ಜಾಸ್ತಿ.”

“ಆಗ್ಲಿ, ಸ್ವಲ್ಪ ದಿನ ಚೆನ್ನಾಗಿ ಆಗ್ಲಿ.” ಬಟ್ಟೆಯ ತೋಳು ಮಡಚಿ, ಬಲೆಯ ಇನ್ನೊಂದು ತುದಿಯನ್ನು ಕೆಸರಿನಿಂದ ಎತ್ತಿ ಹಿಡಿದಳು. “ಅಕ್ಕನಿಗೆ ಹೇಳಿದ ಮಾತನ್ನ ಮಾತ್ರ ನಾನು ವಾಪಸ್ ತಗೊಳ್ಳೋದಿಲ್ಲ.”